ಸ್ಪೀಡ್ ಅಲ್ಲ, ತುಂಡಾಗುವ ಜಾಗ ನೋಡಿ: ಬೆಂಗಳೂರಿನ ಮನೆಗೆ ಫೈಬರ್, 5ಜಿ ಏರ್‌ಫೈಬರ್, ಸಿಮ್ ಹೋಲಿಕೆ

ಏಪ್ರಿಲ್ ತಿಂಗಳ ಒಂದು ಸಂಜೆ. ಆರೂವರೆಗೆ ಮಗಳಿಗೆ ವಿಡಿಯೋ ಕರೆಯಲ್ಲಿ ಕೆಲಸದ ಸಂದರ್ಶನ ಇತ್ತು. ಆರು ಗಂಟೆಗೆ ಗಾಳಿ ಎದ್ದಿತು. ಹಿಂದೆಯೇ ಮಳೆ. ರಸ್ತೆ ತುದಿಯ ಗುಲ್‌ಮೊಹರ್ ಮರದ ಕೊಂಬೆ ಮುರಿದು ಕಂಬದ ಮೇಲೆ ಬಿತ್ತು. ಹಾಲ್‌ನಲ್ಲಿದ್ದ ಫೈಬರ್ ಪೆಟ್ಟಿಗೆಯಲ್ಲಿ ಕೆಂಪು ದೀಪ ಮಿನುಗತೊಡಗಿತು. ನನಗೆ ಗಾಬರಿ ಆಗಲಿಲ್ಲ. ಇಂಥ ದಿನಕ್ಕೆಂದೇ ಇನ್ನೊಂದು ಕಂಪನಿಯ ಫೈಬರನ್ನೂ ಹಾಕಿಸಿದ್ದೆವು. ಮಹಡಿಗೆ ಹೋಗಿ ನೋಡಿದೆ. ಅಲ್ಲೂ ಕೆಂಪು ದೀಪ.

ಕೊನೆಗೆ ಅವಳು ಕಿಟಕಿ ಪಕ್ಕ ಕೂತು, ನನ್ನ ಫೋನಿನ ಹಾಟ್‌ಸ್ಪಾಟ್‌ನಲ್ಲಿ ಸಂದರ್ಶನ ಮುಗಿಸಿದಳು. ಮರುದಿನ ಬಂದ ಲೈನ್‌ಮ್ಯಾನ್‌ಗೆ ಕೇಳಿದೆ, “ಎರಡೂ ಒಟ್ಟಿಗೆ ಹೇಗಪ್ಪ ಹೋಯ್ತು?” ಅವರು ಏಣಿಯ ಮೇಲಿಂದಲೇ ಹೇಳಿದರು, “ಎರಡೂ ಇದೇ ಕಂಬದ ಮೇಲೆ ಬಂದಿರೋದು ಮೇಡಂ. ಕಂಪನಿ ಬೇರೆ, ದಾರಿ ಒಂದೇ.”

ಆ ಮಾತು ನನ್ನ ಲೆಕ್ಕವನ್ನೇ ಬದಲಿಸಿತು. ಅಲ್ಲಿವರೆಗೆ ನಾನು ಎಷ್ಟು ಎಂಬಿಪಿಎಸ್, ಎಷ್ಟು ರೂಪಾಯಿ ಅಂತ ಮಾತ್ರ ನೋಡುತ್ತಿದ್ದೆ. ಈಗ ಮೊದಲು ಕೇಳುವುದು ಒಂದೇ ಪ್ರಶ್ನೆ: ಇದು ಎಲ್ಲಿ ತುಂಡಾಗುತ್ತದೆ? ಮನೆಯವರು, ನೆಂಟರು, ಅಕ್ಕಪಕ್ಕದವರು ಯಾವ ನೆಟ್ ಹಾಕಿಸಲಿ ಅಂತ ಕೇಳಿದಾಗೆಲ್ಲ ಇದೇ ಪ್ರಶ್ನೆ ಹಿಡಿದು ಹೋಲಿಸಿ ಹೇಳುತ್ತೇನೆ. ಅದನ್ನೇ ಇಲ್ಲಿ ಬರೆದಿದ್ದೇನೆ. ಉದಾಹರಣೆಗಳು ಬೆಂಗಳೂರಿನವು. ಆದರೆ ಮೈಸೂರಾಗಲಿ, ಹುಬ್ಬಳ್ಳಿಯಾಗಲಿ, ಕಂಬ ಮತ್ತು ಮರ ಇರುವ ಊರಿಗೆಲ್ಲ ಇದು ಹೊಂದುತ್ತದೆ.

ಮೊದಲು ತಪ್ಪು ಯಾರದು ಅಂತ ನೋಡಿ

ನೆಟ್ ಸರಿ ಇಲ್ಲ ಅಂದ ತಕ್ಷಣ ಎಲ್ಲರೂ ಕಂಪನಿ ಬದಲಿಸಲು ಹೊರಡುತ್ತಾರೆ. ನಾನು ನೋಡಿದ ಮನೆಗಳಲ್ಲಿ ಅರ್ಧಕ್ಕರ್ಧ ಕಡೆ ತೊಂದರೆ ಹೊರಗಿನ ಲೈನಿನದಲ್ಲ, ಒಳಗಿನ ವೈಫೈಯದು. ಇವೆರಡೂ ಬೇರೆ ಬೇರೆ. ಹೊರಗಿನಿಂದ ಮನೆಯ ಪೆಟ್ಟಿಗೆವರೆಗೆ ಬರುವುದು ಇಂಟರ್ನೆಟ್. ಪೆಟ್ಟಿಗೆಯಿಂದ ನಿಮ್ಮ ಫೋನಿನವರೆಗೆ ಗಾಳಿಯಲ್ಲಿ ಬರುವುದು ವೈಫೈ.

ಪರೀಕ್ಷೆ ಸುಲಭ. ನೆಟ್ ನಿಂತು ನಿಂತು ಬರುವ ಹೊತ್ತಿನಲ್ಲೇ ರೂಟರ್ ಇರುವ ಕೋಣೆಗೆ ಹೋಗಿ, ಅದರಿಂದ ಎರಡು ಹೆಜ್ಜೆ ದೂರದಲ್ಲಿ ನಿಂತು ಅದೇ ಕೆಲಸ ಮಾಡಿ ನೋಡಿ. ಅಲ್ಲಿ ಚೆನ್ನಾಗಿ ಬಂದರೆ ದೋಷ ಮನೆಯೊಳಗಿನದು. ಅಲ್ಲೂ ತಡವರಿಸಿದರೆ ಲ್ಯಾಪ್‌ಟಾಪನ್ನು ಕೇಬಲ್‌ನಲ್ಲಿ ರೂಟರಿಗೆ ಜೋಡಿಸಿ. ಕೇಬಲ್‌ನಲ್ಲೂ ಹಾಗೇ ಇದ್ದರೆ ದೋಷ ಹೊರಗಿನದು. ಫೈಬರ್ ಪೆಟ್ಟಿಗೆಯಲ್ಲಿ ‘ಲಾಸ್’ (LOS) ಅನ್ನುವ ದೀಪ ಕೆಂಪಗಾಗಿದ್ದರೆ ಇಷ್ಟೆಲ್ಲ ಬೇಕಿಲ್ಲ. ಬೆಳಕು ನಿಮ್ಮ ಮನೆವರೆಗೆ ಬರುತ್ತಿಲ್ಲ ಅಂತಲೇ ಅದರ ಅರ್ಥ. ಆಗ ರೂಟರ್ ಎಷ್ಟು ಸಲ ಆಫ್ ಆನ್ ಮಾಡಿದರೂ ಸುಮ್ನೆ.

ಸ್ಪೀಡ್ ಟೆಸ್ಟ್ ಒಂದನ್ನೇ ನಂಬಬೇಡಿ. ಅದು ಹತ್ತಿಪ್ಪತ್ತು ಸೆಕೆಂಡಿನ ಓಟ. ಲ್ಯಾಪ್‌ಟಾಪ್‌ನಲ್ಲಿ 8.8.8.8ಕ್ಕೆ (ಗೂಗಲ್‌ನ ಒಂದು ಸರ್ವರ್ ವಿಳಾಸ) ಪಿಂಗ್ ಹಾಕಿ, ಅಂದರೆ ಸಣ್ಣ ಸಣ್ಣ ಸಂದೇಶ ಕಳಿಸಿ ಉತ್ತರ ಕಾಯುವ ಕಮಾಂಡ್ ಕೊಟ್ಟು, ಹತ್ತು ನಿಮಿಷ ಬಿಡಿ. ಉತ್ತರ ಬರುವ ಸಮಯ ಒಂದೇ ಸಮ ಇದೆಯೋ ಹಾರಾಡುತ್ತಿದೆಯೋ, ಎಷ್ಟು ಪ್ಯಾಕೆಟ್ (ಕಳಿಸಿದ ಸಂದೇಶ) ಕಳೆದುಹೋದವು ಅಂತ ನೋಡಿ. ವಿಡಿಯೋ ಕರೆಗೆ ಬೇಕಾದದ್ದು 4–5 ಎಂಬಿಪಿಎಸ್ ಅಷ್ಟೆ, ಆದರೆ ಅದು ಒಂದೇ ಸಮ ಬರಬೇಕು. 300 ಎಂಬಿಪಿಎಸ್ ಇದ್ದೂ ನಿಮಿಷಕ್ಕೊಮ್ಮೆ ಎರಡು ಸೆಕೆಂಡ್ ನಿಲ್ಲುವ ಲೈನಿಗಿಂತ, 30 ಎಂಬಿಪಿಎಸ್ ಇದ್ದು ನಿಲ್ಲದ ಲೈನ್ ಎಷ್ಟೋ ಮೇಲು.

ಮನೆಯೊಳಗೆ: ಜಾಗ ಬದಲಿಸೋದಾ, ರಿಪೀಟರಾ, ಮೆಶ್ಶಾ, ಕೇಬಲ್ಲಾ?

ದುಡ್ಡು ಖರ್ಚಿಲ್ಲದ ದಾರಿಯಿಂದ ಶುರು ಮಾಡೋಣ. ನಮ್ಮ ಮನೆಗಳಲ್ಲಿ ರೂಟರ್ ಇರುವ ಜಾಗ ಯಾವುದು? ಟಿವಿ ಶೋಕೇಸಿನ ಒಳಗೆ, ಟಿವಿಯ ಹಿಂದೆ. ಇಲ್ಲವೇ ಬಾಗಿಲ ಪಕ್ಕದ ಮೂಲೆಯಲ್ಲಿ, ಯಾಕೆಂದರೆ ಕೇಬಲ್ ಹಾಕಲು ಬಂದ ಹುಡುಗನಿಗೆ ಅಲ್ಲಿ ಸುಲಭವಾಗಿತ್ತು. ಟಿವಿಯ ಹಿಂದಿನ ಲೋಹ, ಶೋಕೇಸಿನ ಕನ್ನಡಿ, ಪಕ್ಕದ ಕಬ್ಬಿಣದ ಬೀರು ಎಲ್ಲವೂ ಸಿಗ್ನಲ್ಲನ್ನು ತಡೆಯುತ್ತವೆ. ಅಕ್ವೇರಿಯಂ ಇದ್ದರೆ ಅದೂ ಒಂದು ಗೋಡೆಯೇ, ನೀರು ರೇಡಿಯೋ ಅಲೆಗಳನ್ನು ಹೀರಿಕೊಳ್ಳುತ್ತದೆ. ರೂಟರನ್ನು ಹೊರಗೆ ತೆಗೆದು, ಆಳೆತ್ತರಕ್ಕೆ, ಮನೆಯ ನಡುಭಾಗಕ್ಕೆ ತನ್ನಿ. ಫೈಬರ್ ವೈರನ್ನು ಮಾತ್ರ ನೀವೇ ಎಳೆದು ಮಡಚಬೇಡಿ. ಒಳಗಿರುವುದು ಕೂದಲಿನಷ್ಟು ತೆಳ್ಳಗಿನ ಗಾಜು. ಹೆಚ್ಚು ಬಗ್ಗಿದರೆ ಬೆಳಕು ಸೋರಿಹೋಗುತ್ತದೆ. ಬೇಕಿದ್ದರೆ ಫೈಬರ್ ಪೆಟ್ಟಿಗೆ ಇದ್ದಲ್ಲೇ ಇರಲಿ, ಅಲ್ಲಿಂದ ಮಾಮೂಲಿ ನೆಟ್‌ವರ್ಕ್ ಕೇಬಲ್ ಎಳೆದು ಬೇರೆ ರೂಟರನ್ನು ನಡುಮನೆಗೆ ಇಡಿ.

ಆಮೇಲೆ 2.4 ಮತ್ತು 5 ಗಿಗಾಹರ್ಟ್ಸ್ ಪ್ರಶ್ನೆ. ಇವು ರೂಟರ್ ವೈಫೈ ಬಿಡುವ ಎರಡು ಬಗೆಯ ಅಲೆಗಳು. 2.4 ದೂರ ಹೋಗುತ್ತದೆ, ಗೋಡೆ ದಾಟುತ್ತದೆ. ಆದರೆ ಅದು ಸಂತೆ ಇದ್ದ ಹಾಗೆ. ಒಂದಕ್ಕೊಂದು ತಾಗದ ಚಾನೆಲ್ಲುಗಳು ಅದರಲ್ಲಿ ಮೂರೇ: 1, 6, 11. ಒಂದು ಅಪಾರ್ಟ್‌ಮೆಂಟಿನಲ್ಲಿ ನಿಂತು ಫೋನ್ ತೆರೆದರೆ ಮೂವತ್ತು ವೈಫೈ ಹೆಸರು ಕಾಣುತ್ತವೆ. ಅವೆಲ್ಲ ಈ ಮೂರು ಚಾನೆಲ್ಲುಗಳನ್ನೇ ಹಂಚಿಕೊಳ್ಳಬೇಕು. ಜೊತೆಗೆ ಬ್ಲೂಟೂತ್, ಮೈಕ್ರೋವೇವ್ ಒಲೆ. ಅಡುಗೆಮನೆಯಲ್ಲಿ ಏನಾದರೂ ಬಿಸಿ ಮಾಡುವಾಗಲೇ ಕರೆ ಕಡಿಯುತ್ತದೆ ಅಂತ ನನ್ನ ಗೆಳತಿಯೊಬ್ಬಳು ಹೇಳಿದಾಗ ಅವಳ ಮನೆಯವರು ನಂಬಿರಲಿಲ್ಲ. ಅವಳು ಹೇಳಿದ್ದು ನಿಜವೇ. ಮೈಕ್ರೋವೇವ್ ಕೆಲಸ ಮಾಡುವುದೂ 2.4ರ ಆಸುಪಾಸಿನಲ್ಲೇ.

5 ಗಿಗಾಹರ್ಟ್ಸ್‌ನಲ್ಲಿ ಜಾಗ ಜಾಸ್ತಿ. 2018ರಲ್ಲಿ ನಮ್ಮ ಸರ್ಕಾರ ಈ ತರಂಗಪಟ್ಟಿಯ ದೊಡ್ಡ ಭಾಗವನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿತು. ಆದರೆ ಇದಕ್ಕೆ ಗೋಡೆ ಆಗುವುದಿಲ್ಲ. ಎರಡು ಇಟ್ಟಿಗೆ ಗೋಡೆ ದಾಟುವಷ್ಟರಲ್ಲಿ ಸುಸ್ತಾಗುತ್ತದೆ. ನನ್ನ ಸಲಹೆ: ರೂಟರಿನ ಕೋಣೆ ಮತ್ತು ಪಕ್ಕದ ಕೋಣೆಗೆ 5, ದೂರದ ಬಲ್ಬು, ಕ್ಯಾಮೆರಾ, ಗೇಟಿನ ಬೆಲ್ಲಿಗೆ 2.4. ಸೆಟ್ಟಿಂಗ್‌ನಲ್ಲಿ 2.4ರ ಚಾನೆಲ್ ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಳಿಸಿ. 40ಕ್ಕೆ ಇಟ್ಟರೆ ವೇಗ ಹೆಚ್ಚಾದಂತೆ ಕಾಣುತ್ತದೆ, ಆದರೆ ಅಕ್ಕಪಕ್ಕದವರ ವೈಫೈ ಜೊತೆ ಗುದ್ದಾಟವೂ ಹೆಚ್ಚುತ್ತದೆ. 5ರಲ್ಲಿ 36ರಿಂದ 48 ಅಥವಾ 149ರಿಂದ 161ರ ಚಾನೆಲ್ ಆರಿಸಿ. ನಡುವಿನ 52ರಿಂದ 144ರವರೆಗಿನ ಚಾನೆಲ್ಲುಗಳಲ್ಲಿ ರೇಡಾರ್ ಸಿಗ್ನಲ್ ಕಂಡರೆ ರೂಟರ್ ತಾನಾಗಿಯೇ ಜಾಗ ಬಿಡಬೇಕೆಂಬ ನಿಯಮ ಇದೆ. ವಿಮಾನ ನಿಲ್ದಾಣದ ಕಡೆ ಮನೆ ಇರುವವರಿಗೆ ಕಾರಣವಿಲ್ಲದೆ ವೈಫೈ ಅರೆಗಳಿಗೆ ಮಾಯವಾದರೆ, ಇದನ್ನೊಮ್ಮೆ ನೋಡಿ.

ಇಷ್ಟು ಮಾಡಿದ ಮೇಲೂ ಮಲಗುವ ಕೋಣೆಗೆ ಸಿಗ್ನಲ್ ಬರದಿದ್ದರೆ ಖರ್ಚಿನ ಮಾತು. ಫೋನಿನಲ್ಲಿ ವೈಫೈ ಅಳೆಯುವ ಆ್ಯಪ್ ಹಾಕಿ ನೋಡಿ. ಅದು ಸಿಗ್ನಲ್ಲಿನ ಬಲವನ್ನು ಡಿಬಿಎಂ ಲೆಕ್ಕದಲ್ಲಿ ತೋರಿಸುತ್ತದೆ. −67 ಡಿಬಿಎಂ ಅಥವಾ ಅದಕ್ಕಿಂತ ಸೊನ್ನೆಗೆ ಹತ್ತಿರ ಇದ್ದರೆ ವಿಡಿಯೋ ಕರೆ ಸಲೀಸು. −80 ಆದರೆ ಕಷ್ಟ.

ರಿಪೀಟರ್ ಅಗ್ಗ, ಪ್ಲಗ್ಗಿಗೆ ಸಿಕ್ಕಿಸಿದರೆ ಆಯಿತು. ಆದರೆ ಸಾಮಾನ್ಯ ರಿಪೀಟರ್ ಒಂದೇ ರೇಡಿಯೋದಲ್ಲಿ ಕೇಳಿಸಿಕೊಂಡು, ಅದರಲ್ಲೇ ಮತ್ತೆ ಹೇಳುತ್ತದೆ. ಹಾಗಾಗಿ ವೇಗ ಅರ್ಧಕ್ಕೆ ಇಳಿಯುತ್ತದೆ. ಇನ್ನೊಂದು ತಪ್ಪು ಎಲ್ಲರೂ ಮಾಡುವಂಥದ್ದು: ಸಿಗ್ನಲ್ ಬರದ ಕೋಣೆಯಲ್ಲೇ ರಿಪೀಟರ್ ಇಡುವುದು. ಅದಕ್ಕೇ ಕೇಳಿಸದಿದ್ದರೆ ಅದು ಏನನ್ನು ಹೇಳೀತು? ಅರ್ಧ ದಾರಿಯಲ್ಲಿ ಇಡಬೇಕು.

ಮೆಶ್ ಅಂದರೆ ಎರಡು ಮೂರು ಪೆಟ್ಟಿಗೆಗಳು ಒಂದೇ ಹೆಸರಿನ ವೈಫೈ ಆಗಿ ಕೆಲಸ ಮಾಡುವುದು. ಓಡಾಡುವಾಗ ಕರೆ ಕಡಿಯುವುದು ಕಡಿಮೆ. ಒಂದೇ ಮಟ್ಟದ ಮೂರು ಬೆಡ್‌ರೂಮಿನ ಫ್ಲ್ಯಾಟಿಗೆ ಒಳ್ಳೆಯದು. ಆದರೆ 30x40 ಸೈಟಿನಲ್ಲಿ ಮೂರು ಮಹಡಿ ಕಟ್ಟಿದ ಮನೆಗೆ ನಾನು ಗಾಳಿಯ ಮೆಶ್ ಹೇಳುವುದಿಲ್ಲ. ಕಬ್ಬಿಣದ ಸರಳು ತುಂಬಿದ ಆರ್‌ಸಿಸಿ ಛಾವಣಿ ದಾಟುವುದು ಅದಕ್ಕೂ ಕಷ್ಟವೇ. ಇಂಥ ಮನೆಗೆ ನನ್ನ ಮೊದಲ ಆಯ್ಕೆ ಕೇಬಲ್. ಮೆಟ್ಟಿಲ ಪಕ್ಕದ ಡಕ್ಟ್‌ನಲ್ಲೋ ಹೊರಗೋಡೆ ಮೇಲೋ ಮಹಡಿಗೊಂದು ಕ್ಯಾಟ್ 6 ಎಂಬ ನೆಟ್‌ವರ್ಕ್ ಕೇಬಲ್ ಎಳೆದು, ಪ್ರತಿ ಮಹಡಿಯಲ್ಲೂ ಒಂದು ರೂಟರನ್ನು ಆಕ್ಸೆಸ್ ಪಾಯಿಂಟ್ ಆಗಿ, ಅಂದರೆ ಕೇಬಲ್‌ನಲ್ಲಿ ಬಂದ ನೆಟ್ಟನ್ನು ವೈಫೈ ಮಾಡಿ ಹಂಚುವ ಪೆಟ್ಟಿಗೆಯಾಗಿ, ಇಡುವುದು. 100 ಮೀಟರಿನವರೆಗೆ ಇದರಲ್ಲಿ ಗಿಗಾಬಿಟ್ ವೇಗ ಕದಲದೆ ಹೋಗುತ್ತದೆ. ಹಳೆಯ ರೂಟರ್ ಮನೆಯಲ್ಲಿ ಬಿದ್ದಿದ್ದರೆ ಅದೇ ಸಾಕು. ನಮ್ಮ ಮನೆಯಲ್ಲಿ ಕೆಳಗಡೆ ಅತ್ತೆಯವರಿದ್ದಾರೆ. ಸಂಜೆ ಮೊಮ್ಮಗನ ಜೊತೆ ವಿಡಿಯೋದಲ್ಲಿ ಮಾತಾಡುವುದು ಅವರಿಗೆ ದಿನದ ದೊಡ್ಡ ಖುಷಿ. ಎರಡು ರಿಪೀಟರ್ ಕೊಡದ ಸುಖವನ್ನು ಅವರಿಗೆ ಆ ಒಂದು ಕೇಬಲ್ ಕೊಟ್ಟಿತು. ಹೊಸ ಮನೆ ಕಟ್ಟಿಸುವವರಿದ್ದರೆ ದಯವಿಟ್ಟು ಗೋಡೆಯೊಳಗೆ ಒಂದು ಖಾಲಿ ಪೈಪ್ ಬಿಡಿಸಿ. ಪ್ಲಾಸ್ಟರ್ ಆದ ಮೇಲೆ ಎಲ್ಲರೂ ಪೇಚಾಡುತ್ತಾರೆ.

ಹೊಸ ರೂಟರ್ ಕೊಳ್ಳುವುದಾದರೆ ವೈಫೈ 6 (ವೈಫೈಯ ಒಂದು ತಲೆಮಾರು) ಸಾಕು. ಮನೆಯಲ್ಲಿ ಉಪಕರಣ ಜಾಸ್ತಿ ಇದ್ದಾಗ ಸರದಿ ಚೆನ್ನಾಗಿ ನಡೆಸುತ್ತದೆ.

ಹೊರಗಿನಿಂದ ಬರುವ ದಾರಿ: ಫೈಬರ್

ಫೈಬರ್ ಸಿಕ್ಕರೆ ಮೊದಲ ಸಂಪರ್ಕ ಅದೇ ಇರಲಿ. ಇದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಫೈಬರ್ ಅಂತ ಹೇಳಿ ಮಾರುವುದೆಲ್ಲ ಒಂದೇ ಅಲ್ಲ.

ನಿಜವಾದ ಫೈಬರ್ ನಿಮ್ಮ ಮನೆಯೊಳಗಿನ ಪೆಟ್ಟಿಗೆವರೆಗೆ ಗಾಜಾಗಿಯೇ ಬರುತ್ತದೆ. ಕಂಪನಿಯ ಕಡೆಯ ಒಂದು ಪೋರ್ಟಿನಿಂದ ಹೊರಟ ಬೆಳಕು ದಾರಿಯಲ್ಲಿ ಸ್ಪ್ಲಿಟರ್ ಎಂಬ ಪುಟ್ಟ ಪೆಟ್ಟಿಗೆಯಲ್ಲಿ 32 ಅಥವಾ 64 ಮನೆಗಳಿಗೆ ಹಂಚಿಹೋಗುತ್ತದೆ. ಈ ಸ್ಪ್ಲಿಟರ್‌ಗೆ ಕರೆಂಟೇ ಬೇಕಿಲ್ಲ. ಅದಕ್ಕೇ ಬೀದಿಯೆಲ್ಲ ಕತ್ತಲಾದರೂ, ನಿಮ್ಮ ಮನೆಯ ಪೆಟ್ಟಿಗೆಗೆ ಕರೆಂಟ್ ಇದ್ದರೆ ನೆಟ್ ಬರುತ್ತಿರುತ್ತದೆ. ಇನ್ನೊಂದು ಬಗೆ ಇದೆ. ಬೀದಿವರೆಗೆ ಫೈಬರ್, ಅಲ್ಲಿಂದ ಯಾರದೋ ಟೆರೇಸಿನ ಮೇಲೆ ಅಥವಾ ಅಪಾರ್ಟ್‌ಮೆಂಟಿನ ಮೀಟರ್ ರೂಮಿನಲ್ಲಿ ಒಂದು ಸ್ವಿಚ್, ಅದರಿಂದ ತಾಮ್ರದ ಕೇಬಲ್. ಆ ಸ್ವಿಚ್ಚಿಗೆ ಕರೆಂಟ್ ಹೋದರೆ ನಿಮ್ಮ ಮನೆಯ ಯುಪಿಎಸ್ ಏನೂ ಮಾಡಲಾರದು. ಹಾಕಿಸುವ ಮೊದಲು ಕೇಳಿ: “ಮನೆಯೊಳಗೆ ಬರೋದು ಫೈಬರ್ ವೈರಾ, ತಾಮ್ರದ ಕೇಬಲ್ಲಾ? ನಡುವೆ ಕರೆಂಟ್ ಬೇಕಾಗೋ ಪೆಟ್ಟಿಗೆ ಇದೆಯಾ?” ಗೊತ್ತಿರುವ ಲೈನ್‌ಮ್ಯಾನ್ ಒಂದೇ ಮಾತಿನಲ್ಲಿ ಹೇಳುತ್ತಾರೆ. ಫೋನಿನಲ್ಲಿ ಪ್ಲಾನ್ ಮಾರುವವರಿಗೆ ಬಹಳ ಸಲ ಗೊತ್ತಿರುವುದಿಲ್ಲ.

ಫೈಬರಿನ ನಿಜವಾದ ಶತ್ರು ಕಂಬ. ಬೆಂಗಳೂರಿನ ಹೆಚ್ಚಿನ ಬಡಾವಣೆಗಳಲ್ಲಿ ಅದು ಕಂಬದಿಂದ ಕಂಬಕ್ಕೆ, ಮರದಿಂದ ಮರಕ್ಕೆ ತೂಗಾಡುತ್ತ ಬರುತ್ತದೆ. ಮಾರ್ಚ್‌ನಿಂದ ಮೇವರೆಗಿನ ಗಾಳಿಮಳೆಗೆ ಕೊಂಬೆ ಬಿದ್ದು ತುಂಡಾಗುತ್ತದೆ. ಎತ್ತರದ ಲಾರಿ ಎಳೆದುಕೊಂಡು ಹೋಗುತ್ತದೆ. ಅನುಮತಿ ಇಲ್ಲದೆ ಕಂಬಕ್ಕೆ ಕಟ್ಟಿದ ಕೇಬಲ್‌ಗಳನ್ನು ವಿದ್ಯುತ್ ಕಂಪನಿ ಬೆಸ್ಕಾಂ ಆಗಾಗ ಕತ್ತರಿಸಿ ತೆಗೆಯುತ್ತದೆ. ಹಾಗೆ ತೆಗೆಯುವುದು ಸರಿಯೇ, ಜೋತುಬಿದ್ದ ಕೇಬಲ್ ಬೈಕಿನವರ ಕುತ್ತಿಗೆಗೆ ಬರುತ್ತದೆ. ಆದರೆ ಆ ದಿನ ನೆಟ್ ಇಲ್ಲ. ರೆಸಿಡೆನ್ಸಿ ರಸ್ತೆಯಂಥ, ಟೆಂಡರ್‌ಶ್ಯೂರ್ ಯೋಜನೆಯಲ್ಲಿ ಹೊಸದಾಗಿ ಕಟ್ಟಿದ ರಸ್ತೆಗಳಲ್ಲಿ ಕೇಬಲ್‌ಗೆಂದೇ ನೆಲದಡಿ ಕೊಳವೆ ಇಟ್ಟಿದ್ದಾರೆ. ಎಲ್ಲ ಬಡಾವಣೆಗೂ ಹೀಗೆ ಆಗಬೇಕು ಅನ್ನುವುದು ನನ್ನ ದೊಡ್ಡ ಆಸೆ. ನಗರದ ನೆಟ್ ಗಟ್ಟಿಯಾಗಲು ಇದಕ್ಕಿಂತ ಒಳ್ಳೆಯ ಕೆಲಸ ನನಗೆ ಕಾಣುವುದಿಲ್ಲ.

ಕಂಪನಿ ಯಾವುದು ಅಂತ ಕೇಳುವವರಿಗೆ ನನ್ನ ಉತ್ತರ: ನಿಮ್ಮ ಬೀದಿಯಲ್ಲಿ ಯಾವುದರ ಲೈನ್‌ಮ್ಯಾನ್ ಬೇಗ ಬರುತ್ತಾರೋ ಅದು. ಬಿಎಸ್‌ಎನ್‌ಎಲ್, ಏರ್‌ಟೆಲ್, ಜಿಯೋ, ಆ್ಯಕ್ಟ್ ಯಾವುದೇ ಆಗಲಿ, ಒಂದು ಬಡಾವಣೆಯಲ್ಲಿ ಚಿನ್ನದಂಥ ಸೇವೆ ಕೊಡುವ ಕಂಪನಿ ಎರಡು ಕಿಲೋಮೀಟರ್ ಆಚೆ ಹಾಗಿರುವುದಿಲ್ಲ. ಅದೇ ಬೀದಿಯ ಮೂರು ಮನೆಗಳಲ್ಲಿ ಕೇಳಿ. “ಸ್ಪೀಡ್ ಎಷ್ಟು ಬರುತ್ತೆ” ಅಂತಲ್ಲ, “ಕೊನೆಯ ಸಲ ಕಟ್ ಆದಾಗ ಎಷ್ಟು ಹೊತ್ತಿಗೆ ಸರಿ ಮಾಡಿದರು” ಅಂತ ಕೇಳಿ.

5ಜಿ ಏರ್‌ಫೈಬರ್

ಹೆಸರಿನಲ್ಲಿ ಫೈಬರ್ ಇದೆ, ಮನೆಗೆ ಬರುವುದು ಗಾಳಿಯಲ್ಲೇ. ದೇಶದಲ್ಲಿ 5ಜಿ ಶುರುವಾದದ್ದು 2022ರ ಅಕ್ಟೋಬರ್ 1ರಂದು. ಮರುವರ್ಷ ಏರ್‌ಟೆಲ್, ಜಿಯೋ ಎರಡೂ ಮನೆಗೆ 5ಜಿ ಪೆಟ್ಟಿಗೆ ಕೊಡತೊಡಗಿದವು. ಜಿಯೋ ಏರ್‌ಫೈಬರ್ 2023ರ ಗಣೇಶ ಚೌತಿಯ ದಿನ ಎಂಟು ನಗರಗಳಲ್ಲಿ ಬಂತು, ಅದರಲ್ಲಿ ಬೆಂಗಳೂರೂ ಒಂದು.

ಇದರ ದೊಡ್ಡ ಗುಣ ಕಂಬದ ಗೊಡವೆ ಇಲ್ಲದಿರುವುದು. ಟೆರೇಸಿನ ಮೇಲೆ ಅಥವಾ ಬಾಲ್ಕನಿಯಲ್ಲಿ ಟವರಿಗೆ ಮುಖ ಮಾಡಿ ಒಂದು ಪೆಟ್ಟಿಗೆ, ಅಲ್ಲಿಂದ ಮನೆಯೊಳಗೆ ಕೇಬಲ್. ಕೊಂಬೆ ಬಿದ್ದರೂ ಇದಕ್ಕೆ ಏನೂ ಆಗುವುದಿಲ್ಲ. ಫೈಬರ್ ಇನ್ನೂ ಬಾರದ ಹೊಸ ಬಡಾವಣೆಗಳಿಗೆ ಇದು ವರವೇ ಸರಿ.

ಹಾಗಾದರೆ ಎಲ್ಲಿ ತುಂಡಾಗುತ್ತದೆ? ಮೊದಲನೆಯದು, ಹಂಚಿಕೆ. ಟವರಿನ ಒಂದು ದಿಕ್ಕಿನ ಸಾಮರ್ಥ್ಯವನ್ನು ಆ ದಿಕ್ಕಿನ ಎಲ್ಲ ಫೋನುಗಳೂ ಎಲ್ಲ ಮನೆಗಳೂ ಹಂಚಿಕೊಳ್ಳುತ್ತವೆ. ಬೆಳಿಗ್ಗೆ ಹನ್ನೊಂದಕ್ಕೆ 200 ಎಂಬಿಪಿಎಸ್ ಬಂದದ್ದು ರಾತ್ರಿ ಒಂಬತ್ತಕ್ಕೆ, ಅದೂ ಕ್ರಿಕೆಟ್ ಇರುವ ದಿನ, ಅಷ್ಟೇ ಬರುತ್ತದೆ ಅನ್ನುವ ಖಾತ್ರಿ ಇಲ್ಲ. ಎರಡನೆಯದು, ಅಡ್ಡಿ. ಇಲ್ಲಿ 5ಜಿಗೆ ಹೆಚ್ಚಾಗಿ ಬಳಸುವ 3.3 ಗಿಗಾಹರ್ಟ್ಸ್ ಅಲೆ ಕಾಂಕ್ರೀಟ್ ಗೋಡೆಗೆ, ದಟ್ಟ ಮರಕ್ಕೆ ಸೋಲುತ್ತದೆ. ಎದುರಿನ ಖಾಲಿ ಸೈಟಿನಲ್ಲಿ ನಾಲ್ಕು ಮಹಡಿ ಎದ್ದರೆ ನಿಮ್ಮ ನೆಟ್ ಬದಲಾಗಬಹುದು. ಹಾಗಾಗಿ ಪೆಟ್ಟಿಗೆ ಹೊರಗೇ ಇರಬೇಕು ಅಂತ ಹಠ ಹಿಡಿಯಿರಿ. ಕಿಟಕಿ ಒಳಗೆ ಇಟ್ಟರೂ ನಡೆಯುತ್ತೆ ಅಂದರೆ ಒಪ್ಪಬೇಡಿ. ಅದರಲ್ಲೂ ಹೊಸ ಕಟ್ಟಡಗಳ ಬಿಸಿಲು ತಡೆಯುವ ಗಾಜಿನ ಮೇಲೆ ತೆಳು ಲೋಹದ ಲೇಪ ಇರುತ್ತದೆ. ಅದು ಸಿಗ್ನಲ್ಲನ್ನೂ ತಡೆಯುತ್ತದೆ. ಮೂರನೆಯದು, ಡೇಟಾ ಮಿತಿ. ತಿಂಗಳಿಗೆ ಇಷ್ಟು ಜಿಬಿ ಆದ ಮೇಲೆ ವೇಗ ಇಳಿಯುತ್ತದೆ ಅನ್ನುವ ಮಾತು ಸಣ್ಣ ಅಕ್ಷರದಲ್ಲಿರುತ್ತದೆ. ಸೈನ್ ಮಾಡುವ ಮೊದಲು ಓದಿ.

ಮಳೆಗೆ ಹೆದರಬೇಕಾ? 3.3 ಗಿಗಾಹರ್ಟ್ಸ್‌ಗೆ ಮಳೆಯಿಂದ ದೊಡ್ಡ ತೊಂದರೆ ಇಲ್ಲ. 5ಜಿಯ ಇನ್ನೊಂದು ಅಲೆಯಾದ 26 ಗಿಗಾಹರ್ಟ್ಸ್‌ಗೆ ಮಾತ್ರ ಜೋರು ಮಳೆ ತಟ್ಟುತ್ತದೆ. ಮಳೆಗಿಂತ ಹೆಚ್ಚಾಗಿ ಗಂಟೆಗಟ್ಟಲೆ ಕರೆಂಟ್ ಹೋದಾಗ ಟವರಿನ ಬ್ಯಾಟರಿ ಮುಗಿಯುವುದು ದೊಡ್ಡ ತೊಂದರೆ.

ಸಿಮ್ ಮತ್ತು ಹಾಟ್‌ಸ್ಪಾಟ್

ಒಬ್ಬರೇ ಇರುವವರಿಗೆ, ಪಿಜಿಯಲ್ಲಿರುವವರಿಗೆ, ಮನೆ ಆಗಾಗ ಬದಲಿಸುವವರಿಗೆ ಇದು ಸಾಕಾಗಬಹುದು. ಮನೆಗೆ ಇದೊಂದೇ ಸಾಲದು. ಎರಡನೇ ದಾರಿಯಾಗಿ ಮಾತ್ರ ಇದಕ್ಕೆ ಸಾಟಿ ಇಲ್ಲ, ಯಾಕೆಂದರೆ ಅದು ಈಗಾಗಲೇ ನಿಮ್ಮ ಜೇಬಿನಲ್ಲಿದೆ.

ಸಿಮ್ ಆರಿಸುವಾಗ ಊರಿಗೆಲ್ಲ ಯಾವುದು ಒಳ್ಳೆಯದು ಅಂತ ನೋಡಬೇಡಿ, ನಿಮ್ಮ ಮನೆಯ ಕಿಟಕಿಗೆ ಯಾವುದು ಒಳ್ಳೆಯದು ಅಂತ ನೋಡಿ. ದೂರಸಂಪರ್ಕ ಇಲಾಖೆಯ ‘ತರಂಗ್ ಸಂಚಾರ್’ ಪೋರ್ಟಲ್‌ನಲ್ಲಿ ನಿಮ್ಮ ಸುತ್ತ ಇರುವ ಟವರುಗಳನ್ನು ನೋಡಬಹುದು. ಯಾವ ಪ್ರದೇಶದಲ್ಲಿ 4ಜಿ, 5ಜಿ ಸಿಗುತ್ತದೆ ಅನ್ನುವ ನಕ್ಷೆಯನ್ನು ಕಂಪನಿಗಳು ತಮ್ಮ ಜಾಲತಾಣದಲ್ಲಿ ಹಾಕಬೇಕು ಅಂತ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ 2024ರಲ್ಲಿ ನಿಯಮ ಮಾಡಿದೆ. ನಕ್ಷೆ ನೋಡಿದ ಮೇಲೂ ಮನೆಗೆ ಬಂದ ನೆಂಟರ ಫೋನ್ ಇಸ್ಕೊಂಡು ಒಳಕೋಣೆಯಲ್ಲಿ ಒಂದು ಕರೆ ಮಾಡಿ ನೋಡಿ. ಅದಕ್ಕಿಂತ ನಿಖರ ಪರೀಕ್ಷೆ ಇಲ್ಲ.

ಸಾರ್ವಜನಿಕ ವೈಫೈ ಬಗ್ಗೆಯೂ ಕೇಳುತ್ತಾರೆ. 2014ರ ಜನವರಿಯಲ್ಲಿ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಗಳಲ್ಲಿ ‘ನಮ್ಮ ವೈಫೈ’ ಶುರುವಾದಾಗ ನಾವೆಲ್ಲ ಹೆಮ್ಮೆಪಟ್ಟಿದ್ದೆವು. 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಪಿಎಂ-ವಾಣಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಕಿರಾಣಿ ಅಂಗಡಿಯವರೂ ವೈಫೈ ಮಾರಬಹುದು. ಹೊರಗಿದ್ದಾಗ ಇದು ಉಪಯೋಗಕ್ಕೆ ಬರುತ್ತದೆ. ಮನೆಯ ಕೆಲಸಕ್ಕೆ ಇದನ್ನು ನೆಚ್ಚಬೇಡಿ.

ಕರೆಂಟ್: ಎಲ್ಲರೂ ಮರೆಯುವ ಕೊಂಡಿ

ಯಾವ ಸಂಪರ್ಕ ಆರಿಸಿದರೂ ರೂಟರಿಗೆ ಕರೆಂಟ್ ಇಲ್ಲದಿದ್ದರೆ ಮುಗಿಯಿತು. ಮನೆಯಲ್ಲಿ ಇನ್ವರ್ಟರ್ ಇದೆ ಅಂತ ನಿಶ್ಚಿಂತೆಯಿಂದ ಇರುವವರು ಒಮ್ಮೆ ಮೇನ್ ಆಫ್ ಮಾಡಿ ನೋಡಿ. ಎಷ್ಟೋ ಮನೆಗಳಲ್ಲಿ ಇನ್ವರ್ಟರ್ ಲೈನ್ ಹೋಗಿರುವುದು ಫ್ಯಾನಿಗೂ ಲೈಟಿಗೂ ಮಾತ್ರ. ಟಿವಿ ಹಿಂದಿನ ಪ್ಲಗ್ಗಿಗೆ ಹೋಗಿರುವುದಿಲ್ಲ. ಹೋಗಿದ್ದರೂ, ಕರೆಂಟ್ ಹೋಗಿ ಇನ್ವರ್ಟರ್ ಹಿಡಿದುಕೊಳ್ಳುವ ಕ್ಷಣದಲ್ಲಿ ರೂಟರ್ ರೀಸ್ಟಾರ್ಟ್ ಆಗಬಹುದು. ಮತ್ತೆ ಬರಲು ಎರಡು ಮೂರು ನಿಮಿಷ ಬೇಕು. ಇನ್ವರ್ಟರಿನಲ್ಲಿ ಯುಪಿಎಸ್ ಮೋಡ್ ಇದ್ದರೆ ಅದಕ್ಕೆ ಹಾಕಿ, ಆಗ ಬದಲಾವಣೆ ಬೇಗ ಆಗುತ್ತದೆ.

ಇದಕ್ಕಿಂತ ಸರಳ ಉಪಾಯ ರೂಟರಿಗೆಂದೇ ಸಿಗುವ ಮಿನಿ ಯುಪಿಎಸ್. ಅಂಗೈ ಅಗಲದ ಪೆಟ್ಟಿಗೆ, ಒಳಗೆ ಲಿಥಿಯಂ ಬ್ಯಾಟರಿ. ಒಂದೆರಡು ಸಾವಿರದ ಒಳಗೆ ಸಿಗುತ್ತದೆ. ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟೇಜ್ ನೋಡಿಯೇ ಕೊಳ್ಳಿ. ಹೆಚ್ಚಿನವು 12 ವೋಲ್ಟ್, ಕೆಲವು 9. ಪೆಟ್ಟಿಗೆಯ ಮೇಲಿನ ಎಂಎಎಚ್ (ಬ್ಯಾಟರಿಯ ಸಾಮರ್ಥ್ಯದ ಅಳತೆ) ಸಂಖ್ಯೆಗೆ ಮರುಳಾಗಬೇಡಿ. ಅದು ಸಾಮಾನ್ಯವಾಗಿ 3.7 ವೋಲ್ಟ್ ಲೆಕ್ಕದ್ದು. 8800 ಎಂಎಎಚ್ ಅಂದರೆ ಸುಮಾರು 32 ವ್ಯಾಟ್-ಅವರ್. 10 ವ್ಯಾಟ್ ತಿನ್ನುವ ರೂಟರನ್ನು ಅದು ಎರಡೂವರೆ ಗಂಟೆಯಿಂದ ಮೂರು ಗಂಟೆ ಓಡಿಸುತ್ತದೆ. ಫೈಬರ್ ಪೆಟ್ಟಿಗೆ ಬೇರೆ, ರೂಟರ್ ಬೇರೆ ಇದ್ದರೆ ಎರಡಕ್ಕೂ ಬ್ಯಾಕಪ್ ಕೊಡಬೇಕು. ಒಂದಕ್ಕೆ ಮಾತ್ರ ಕೊಟ್ಟರೆ ವೈಫೈ ಹೆಸರು ಕಾಣುತ್ತದೆ, ನೆಟ್ ಬರುವುದಿಲ್ಲ. ಏರ್‌ಫೈಬರ್ ಆದರೆ ಟೆರೇಸಿನ ಪೆಟ್ಟಿಗೆಗೂ ಕರೆಂಟ್ ಬೇಕು ಅನ್ನುವುದು ನೆನಪಿರಲಿ.

ನೂರು ರೂಪಾಯಿ ಜಾಸ್ತಿ ಕೊಟ್ಟು ದೊಡ್ಡ ಪ್ಲಾನ್‌ಗೆ ಹೋಗುವ ಮೊದಲು ಈ ಯುಪಿಎಸ್ ಕೊಳ್ಳಿ. ನನ್ನ ಅನುಭವದಲ್ಲಿ ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ನೆಮ್ಮದಿ ಕೊಟ್ಟ ವಸ್ತು ಇನ್ನೊಂದಿಲ್ಲ.

ಜೋಡಿ ಕಟ್ಟುವುದು ಹೇಗೆ?

ಒಂದು ಲೈನ್ ನೂರಕ್ಕೆ 99ರಷ್ಟು ಹೊತ್ತು ಇರುತ್ತದೆ ಅಂದುಕೊಳ್ಳಿ. ಕೇಳಲು ಚೆನ್ನಾಗಿದೆ. ತಿಂಗಳಿಗೆ 720 ಗಂಟೆ, ಅದರಲ್ಲಿ ನೂರಕ್ಕೊಂದು ಅಂದರೆ ಏಳು ಗಂಟೆಗೂ ಜಾಸ್ತಿ ನೆಟ್ ಇಲ್ಲ. ಅಂಥವೇ ಎರಡು ಲೈನ್ ಇದ್ದು, ಒಂದರ ತೊಂದರೆಗೂ ಇನ್ನೊಂದರ ತೊಂದರೆಗೂ ಸಂಬಂಧವೇ ಇಲ್ಲದಿದ್ದರೆ, ಎರಡೂ ಒಟ್ಟಿಗೆ ಹೋಗುವುದು ತಿಂಗಳಿಗೆ ನಾಲ್ಕೈದು ನಿಮಿಷ ಮಾತ್ರ. ಎರಡಕ್ಕೂ ಒಂದೇ ಕಂಬ ಇದ್ದರೆ ಈ ಲೆಕ್ಕ ಮಣ್ಣುಪಾಲು. ನಮ್ಮ ಮನೆಯಲ್ಲಿ ಆದದ್ದು ಅದೇ.

ಆದ್ದರಿಂದ ಎರಡು ಫೈಬರಿಗಿಂತ ಒಂದು ಫೈಬರ್ ಮತ್ತು ಒಂದು 5ಜಿ ಮೇಲು, ಎರಡನೆಯದು ನಿಧಾನವಾಗಿದ್ದರೂ ಸರಿ. ಫೈಬರ್ ಯಾವ ಕಂಪನಿಯದೋ 5ಜಿ ಅದೇ ಕಂಪನಿಯದಾಗದಿರಲಿ. ಕಂಪನಿಯ ಒಳಗಿನ ಜಾಲ ಕೆಟ್ಟರೆ ಎರಡೂ ಹೋಗುತ್ತವೆ. ಪೂರ್ತಿ ಬೇರೆ ಮಾಡಲು ಆಗುವುದಿಲ್ಲ ನಿಜ, ಟವರಿಗೆ ಹೋಗುವುದೂ ಎಲ್ಲೋ ಒಂದು ಫೈಬರೇ. ಆದರೂ ನಿಮ್ಮ ಬೀದಿಯ ಕಂಬದಿಂದ ಅದು ದೂರ.

ಇನ್ನು ಒಂದು ಹೋದಾಗ ಇನ್ನೊಂದಕ್ಕೆ ಬದಲಿಸುವುದು. ಎರಡು ವ್ಯಾನ್ ಪೋರ್ಟ್ (ಹೊರಗಿನ ಲೈನ್ ಜೋಡಿಸುವ ಕಿಂಡಿ) ಇರುವ ರೂಟರ್ ಕೊಂಡರೆ ಅದು ತಾನೇ ಬದಲಿಸುತ್ತದೆ. ಮನೆಯಿಂದಲೇ ಕೆಲಸ ಮಾಡುವವರಿಬ್ಬರಿದ್ದರೆ ಈ ಖರ್ಚು ಸಾರ್ಥಕ. ಅಷ್ಟು ಬೇಡ ಅನ್ನುವವರಿಗೆ ಒಂದು ಸುಲಭ ಉಪಾಯ: ಫೋನಿನ ಹಾಟ್‌ಸ್ಪಾಟ್‌ಗೆ ಮನೆಯ ವೈಫೈಯ ಹೆಸರನ್ನೂ ಪಾಸ್‌ವರ್ಡನ್ನೂ ಹಾಗೇ ಇಡಿ. ಫೈಬರ್ ಹೋದಾಗ ರೂಟರ್ ಆಫ್ ಮಾಡಿ ಹಾಟ್‌ಸ್ಪಾಟ್ ಆನ್ ಮಾಡಿದರೆ, ಲ್ಯಾಪ್‌ಟಾಪು, ಟ್ಯಾಬು ತಾವಾಗಿಯೇ ಬಂದು ಸೇರಿಕೊಳ್ಳುತ್ತವೆ. ಮನೆಯ ಹಿರಿಯರಿಗೆ ಹೊಸ ಹೆಸರು ಹುಡುಕು, ಪಾಸ್‌ವರ್ಡ್ ಹಾಕು ಅಂತ ಹೇಳಿಕೊಡುವ ಕಷ್ಟ ತಪ್ಪುತ್ತದೆ.

ಯಾರಿಗೆ ಯಾವುದು ಅಂತ ನೇರವಾಗಿ ಹೇಳುವುದಾದರೆ, ಪಿಜಿಯಲ್ಲಿರುವ ಹುಡುಗ ಹುಡುಗಿಯರಿಗೆ ಎರಡು ಬೇರೆ ಕಂಪನಿಯ ಸಿಮ್ ಇರುವ ಒಂದು ಫೋನು ಸಾಕು. ಬಾಡಿಗೆ ಮನೆಯಿಂದ ಕೆಲಸ ಮಾಡುವವರಿಗೆ ತಿಂಗಳ ಲೆಕ್ಕದ ಫೈಬರ್, ಮಿನಿ ಯುಪಿಎಸ್, ಬೇರೆ ಕಂಪನಿಯ ಸಿಮ್. ಸ್ವಂತ ಮನೆ, ಮೂರು ಮಹಡಿ, ಹಿರಿಯರಿದ್ದಾರೆ ಅಂದರೆ ಮೊದಲ ದುಡ್ಡು ಕ್ಯಾಟ್ 6 ಕೇಬಲ್‌ಗೆ, ಆಮೇಲಿನದು ಏರ್‌ಫೈಬರ್‌ಗೆ. ಊರಾಚೆಯ ಹೊಸ ಲೇಔಟಿನವರು ಏರ್‌ಫೈಬರನ್ನೇ ಮೊದಲ ಸಂಪರ್ಕ ಮಾಡಿಕೊಳ್ಳಿ. ಫೈಬರ್ ಬಂದ ದಿನ ಸ್ಥಾನ ಅದಲುಬದಲು ಮಾಡಿ. ಸಣ್ಣ ಅಂಗಡಿಯವರು ದುಡ್ಡು ಬಂತು ಅಂತ ಹೇಳುವ ಯುಪಿಐ ಸೌಂಡ್‌ಬಾಕ್ಸಿನಲ್ಲಿ ಸಾಮಾನ್ಯವಾಗಿ ಅದರದೇ ಸಿಮ್ ಇರುತ್ತದೆ ಅಂತ ತಿಳಿದಿರಲಿ. ಅಂಥದ್ದಕ್ಕೆ ಅಂಗಡಿಯ ವೈಫೈ ಬೇಕಿಲ್ಲ.

ದುಡ್ಡು ಕಟ್ಟುವ ಮೊದಲು

ವರ್ಷದ ಪ್ಲಾನ್‌ಗೆ ರಿಯಾಯಿತಿ ಇರುತ್ತದೆ. ಹೊಸ ಸಂಪರ್ಕಕ್ಕೆ ಅದನ್ನು ತಗೋಬೇಡಿ. ಮೊದಲು ತಿಂಗಳ ಪ್ಲಾನ್‌ನಲ್ಲಿ ಮೂರು ತಿಂಗಳು ನೋಡಿ. ಆ ಮೂರರಲ್ಲಿ ಒಂದಾದರೂ ಮಳೆಯ ತಿಂಗಳಾಗಿರಲಿ. ರಾತ್ರಿ ಒಂಬತ್ತು ಗಂಟೆಗೆ, ಮಳೆ ಬರುವಾಗ, ಕರೆಂಟ್ ಹೋದಾಗ, ಈ ಮೂರು ಹೊತ್ತಿನ ಪಿಂಗ್ ನೋಡದೆ ವರ್ಷದ ದುಡ್ಡು ಕೊಡಬೇಡಿ.

ದೂರು ಕೊಟ್ಟಾಗಲೆಲ್ಲ ಡಾಕೆಟ್ ನಂಬರ್ (ದೂರಿನ ಸಂಖ್ಯೆ) ಕೇಳಿ ಬರೆದಿಡಿ. ಲೈನ್‌ಮ್ಯಾನ್‌ಗೆ ನೇರ ಫೋನ್ ಮಾಡಿದರೆ ಬೇಗ ಕೆಲಸ ಆಗುತ್ತದೆ ನಿಜ. ಆದರೆ ದಾಖಲೆಯಲ್ಲಿ ನಿಮ್ಮ ದೂರು ಇರುವುದಿಲ್ಲ. ಎರಡನ್ನೂ ಮಾಡಿ. ಟ್ರಾಯ್‌ನ ಹೊಸ ಗುಣಮಟ್ಟದ ನಿಯಮಗಳು 2024ರ ಅಕ್ಟೋಬರ್ 1ರಿಂದ ಜಾರಿಯಲ್ಲಿವೆ. ಲೈನ್ ಕೆಟ್ಟು ಮೂರು ದಿನಕ್ಕಿಂತ ಹೆಚ್ಚು ಸರಿಯಾಗದಿದ್ದರೆ ಗ್ರಾಹಕರಿಗೆ ಪರಿಹಾರ ಸಿಗಬೇಕು ಅಂತ ಅವು ಹೇಳುತ್ತವೆ. ಕೇಳಲು ನಿಮ್ಮ ಕೈಯಲ್ಲಿ ತಾರೀಕು ಮತ್ತು ನಂಬರ್ ಇರಬೇಕು. ಕಂಪನಿಯ ದೂರು ಕೇಂದ್ರ ಕಿವಿಗೆ ಹಾಕಿಕೊಳ್ಳದಿದ್ದರೆ, ಅದೇ ಕಂಪನಿಯ ಮೇಲ್ಮನವಿ ಅಧಿಕಾರಿಗೆ ಬರೆಯಬಹುದು.

ಕೊನೆಗೆ ಒಂದು ಕೆಲಸ ಉಳಿದಿದೆ. ಯಾರಿಗೂ ಕೆಲಸವಿಲ್ಲದ ಒಂದು ಭಾನುವಾರ ಬೆಳಿಗ್ಗೆ ಮೊದಲು ಮೇನ್ ಆಫ್ ಮಾಡಿ. ನೆಟ್ ಉಳಿಯಿತಾ ನೋಡಿ. ಆಮೇಲೆ ಮೇನ್ ಹಾಕಿ, ಫೈಬರ್ ಪೆಟ್ಟಿಗೆಯ ಪವರ್ ಪ್ಲಗ್ ಕಿತ್ತು, ಎರಡನೇ ದಾರಿಗೆ ಬರಲು ಎಷ್ಟು ಹೊತ್ತು ಬೇಕಾಯಿತು ಅಂತ ಗಡಿಯಾರ ನೋಡಿ. ನೀವು ಮಾಡಬೇಡಿ, ಮನೆಯಲ್ಲಿ ಇದರ ಬಗ್ಗೆ ಅತಿ ಕಡಿಮೆ ಗೊತ್ತಿರುವವರ ಕೈಯಲ್ಲಿ ಮಾಡಿಸಿ. ನಮ್ಮಲ್ಲಿ ಅತ್ತೆಯವರು ಮಾಡಿದರು. ಮೊದಲ ಸಲ ಹನ್ನೆರಡು ನಿಮಿಷ ಹಿಡಿಯಿತು. ರೂಟರಿನ ಪಕ್ಕ ಗೋಡೆಗೆ ಒಂದು ಚೀಟಿ ಅಂಟಿಸಿ, ಏನು ಆಫ್ ಮಾಡಬೇಕು, ಏನು ಆನ್ ಮಾಡಬೇಕು ಅಂತ ಮೂರು ಸಾಲು ಬರೆದೆವು. ಎರಡನೇ ಸಲ ಎರಡೇ ನಿಮಿಷ.